ಹಗುರ ಬ್ಯಾಟರಿಯ ಭಾರದ ಲೆಕ್ಕ

ಬೆಂಗಳೂರಿನ ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್‌ನತ್ತ ಸಾಗುವ ಜೆ.ಸಿ. ರಸ್ತೆಗೆ ಶನಿವಾರ ಜೀವ ಬರುವುದು ಬೆಳಗ್ಗೆ ಹನ್ನೊಂದರ ಮೇಲೆ. ಅರ್ಧ ಎತ್ತಿದ ಷಟರ್‌ಗಳ ಕೆಳಗಿನಿಂದ ಮೊದಲು ಪೊರಕೆ ಹೊರಬರುತ್ತದೆ, ಆಮೇಲೆ ಊದುಬತ್ತಿಯ ಹೊಗೆ, ಆಮೇಲೆ ಹುಡುಗರು. ಸೀಟ್ ಕವರ್, ಹಾರನ್, ಬೇರಿಂಗ್, ಕನ್ನಡಿ, ಲೆಗ್‌ಗಾರ್ಡ್, ಗಾಡಿಯ ಒಂದೊಂದು ಅಂಗಕ್ಕೂ ಇಲ್ಲಿ ಒಂದೊಂದು ಅಂಗಡಿ. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಬರುವವರು ಇದನ್ನೆಲ್ಲ ಕಂಡೂ ಕಾಣದವರಂತೆ ದಾಟಿ ಹೋಗುತ್ತಾರೆ. ಗಾಡಿ ಕೈಕೊಟ್ಟವನು ಮಾತ್ರ ಬೋರ್ಡುಗಳನ್ನು ಒಂದೂ ಬಿಡದೆ ಓದುತ್ತಾನೆ.

ಒಳರಸ್ತೆಯೊಂದರ ತಿರುವಿನಲ್ಲಿ ಹತ್ತಡಿ ಅಗಲದ ಬ್ಯಾಟರಿ ಅಂಗಡಿ. ಮೂಗಿಗೆ ಮೊದಲು ತಾಗುವುದು ಆಸಿಡ್ ವಾಸನೆ. ನೆಲದ ಮೇಲೆ ಹಳೆಯ ಬ್ಯಾಟರಿಗಳ ರಾಶಿ. ಟರ್ಮಿನಲ್‌ಗಳ ಮೇಲೆ ಬಿಳಿ-ಹಸಿರು ಪೊರೆ ಕಟ್ಟಿ ಉಪ್ಪಿನ ಹರಳಿನ ಹಾಗೆ ಉದುರುತ್ತಿದೆ. ಗೋಡೆಯುದ್ದದ ಹಲಗೆಯ ಮೇಲೆ ಚಾರ್ಜಿಗಿಟ್ಟ ಸಾಲು, ಒಂದೊಂದರ ಕಿವಿಗೂ ಕೆಂಪು-ಕಪ್ಪು ಕ್ಲಿಪ್ಪು. ಕೌಂಟರ್ ಹಿಂದೆ ಐವತ್ತು ದಾಟಿದ ಯಜಮಾನರು. ಅವರ ಷರ್ಟಿನ ಹೊಟ್ಟೆಯ ಭಾಗದಲ್ಲಿ ಆಸಿಡ್ ತಿಂದ ಸಣ್ಣ ಸಣ್ಣ ತೂತುಗಳು, ಹೊಸ ಷರ್ಟಾದರೂ. ಬೀದಿಗೆಲ್ಲ ಅವರು ಭಾಯ್. ಅವರ ಬೆನ್ನ ಹಿಂದೆ, ಗಾಜಿನ ಬಾಗಿಲಿನ ಕಪಾಟಿನಲ್ಲಿ, ಸೀಸದ ಬ್ಯಾಟರಿಗಳಿಂದ ದೂರವಾಗಿ ಕುಳಿತಿರುವ ನಾಲ್ಕೈದು ಡಬ್ಬಗಳೇ ಲಿಥಿಯಂ. ಬೀಗ ಬೇರೆ ಹಾಕಿದೆ. ಬೆಲೆ ಕೇಳಿದರೆ ಬೀಗ ಯಾಕೆಂದು ಅರ್ಥವಾಗುತ್ತದೆ: ಅದೇ ಗಾಡಿಗೆ ಕೂರುವ ಸೀಸದ ಬ್ಯಾಟರಿಯ ಮೂರು-ನಾಲ್ಕು ಪಟ್ಟು.

ಅಂದು ಮೊದಲು ಬಂದವನು ಹಿಮಾಲಯನ್ ಗಾಡಿಯ ಹುಡುಗ. 411 ಸಿಸಿ, ಹಿಂದೆ ಲಗೇಜ್ ಕಟ್ಟುವ ಕಂಬಿ, ಹ್ಯಾಂಡಲ್ ಮೇಲೆ ಮೊಬೈಲ್ ಚಾರ್ಜರ್, ಟ್ಯಾಂಕಿನ ಪಕ್ಕ ಕರ್ನಾಟಕದ ಬಾವುಟದ ಸ್ಟಿಕ್ಕರ್. ಬೆಳಗ್ಗೆ ಸೆಲ್ಫ್ ಒತ್ತಿದರೆ ರಿಲೇ ಟಕಟಕ ಅಂದು ಸುಮ್ಮನಾಗಿದೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಕೈಲಿ ತಳ್ಳಿಸಿಕೊಂಡು ಇಳಿಜಾರಿನಲ್ಲಿ ಸ್ಟಾರ್ಟ್ ಮಾಡಿಕೊಂಡು ಬಂದಿದ್ದಾನೆ. ಕಿಕ್ಕರ್ ಇಲ್ಲದ ಗಾಡಿ. ಪೆಟ್ರೋಲ್ ಪಂಪಿಗೂ ಇಂಜೆಕ್ಟರಿಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿದರೂ ಪ್ರಯೋಜನವಿರುತ್ತಿರಲಿಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಕಾಲದಲ್ಲಿ ಆರು ವೋಲ್ಟಿನ ಬ್ಯಾಟರಿ ಮಲಗಿದರೂ ಒದ್ದು ಎಬ್ಬಿಸಿ ಮನೆ ಸೇರಬಹುದಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಬಂದ ಮೇಲೆ ಇಂಜೆಕ್ಷನ್ ಇಲ್ಲದ ಹೊಸ ಗಾಡಿ ಸಿಗುವುದೇ ಅಪರೂಪ. ಬ್ಯಾಟರಿಯ ಮೇಲೆ ಜನಕ್ಕೆ ಇಷ್ಟೊಂದು ಚಿಂತೆ ಹತ್ತಿರುವುದು ಇದರಿಂದಲೇ.

‘ಭಾಯ್, ಲಿಥಿಯಂ ಹಾಕ್ಸಣ ಅಂತ. ಜೂನ್‌ನಲ್ಲಿ ಲಡಾಖ್ ಹೋಗ್ತಿದೀನಿ.’

‘ಯಾಕ್ ಲಿಥಿಯಂ?’

‘ಲೈಟ್ ವೆಯ್ಟ್ ಅಲ್ವಾ!’

ಭಾಯ್ ನಗಲಿಲ್ಲ. ಕಪಾಟಿನ ಬೀಗ ತೆಗೆದು ಒಂದು ಡಬ್ಬ ಹೊರಗಿಟ್ಟರು. ಕೆಲಸದ ಹುಡುಗನಿಗೆ ಕಣ್ಣಲ್ಲೇ ಹೇಳಿದರು. ಅವನು ಹಳೇ ಬ್ಯಾಟರಿ ತೂಗುವ ತಕ್ಕಡಿಯ ಮೇಲೆ ಮೊದಲು ಸೀಸದ 8 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಇಟ್ಟ: ಮೂರು ಕೆ.ಜಿ.ಗೆ ಒಂದಿಷ್ಟು ಕಮ್ಮಿ. ಆಮೇಲೆ ಲಿಥಿಯಂ: ಒಂದು ಕೆ.ಜಿ.ಯೂ ಇಲ್ಲ. ಹಿಮಾಲಯನ್ ಹುಡುಗ ಅದನ್ನು ಒಂದೇ ಕೈಯಲ್ಲಿ ಎತ್ತಿ, ತಿರುಗಿಸಿ, ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೇನಾದರೂ ಇದೆಯೋ ಇಲ್ಲವೋ ಎಂಬ ಅನುಮಾನ ಮೊದಲ ಸಲ ಎತ್ತಿದವರಿಗೆಲ್ಲ ಬರುತ್ತದೆ. ಸೀಸದ ಭಾರಕ್ಕೆ ಒಗ್ಗಿದ ಕೈ, ಆ ಹಗುರವನ್ನು ಕೂಡಲೇ ನಂಬುವುದಿಲ್ಲ.

‘ಎರಡು ಕೆ.ಜಿ. ಉಳೀತು ಅನ್ಕೊಳ್ಳಿ. ನಿಮ್ ಗಾಡಿ ಇನ್ನೂರು ಕೆ.ಜಿ. ಐತೆ. ಟ್ಯಾಂಕಿಗೆ ಮೂರು ಲೀಟರ್ ಪೆಟ್ರೋಲ್ ಕಮ್ಮಿ ಹಾಕ್ಸಿ, ಅಷ್ಟೇ ಹಗುರ ಆಗ್ತದೆ. ದುಡ್ಡೂ ಉಳೀತದೆ.’

ಮಾರುವವನೇ ಹೀಗೆ ಮಾತಾಡಿದರೆ ಕೊಳ್ಳುವವನಿಗೆ ದಿಗಿಲು. ಆದರೆ ಲೆಕ್ಕ ಸರಿಯಾಗಿಯೇ ಇತ್ತು. ರೇಸ್ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಎರಡು ಕೆ.ಜಿ. ದೊಡ್ಡದು, ಅಲ್ಲಿ ಬೋಲ್ಟುಗಳನ್ನೂ ತೂಗಿ ಹಾಕುತ್ತಾರೆ. ಟೆಂಟು, ಮಲಗುವ ಚೀಲ, ಹೆಚ್ಚುವರಿ ಪೆಟ್ರೋಲ್ ಕ್ಯಾನು ಹೇರಿಕೊಂಡು ಮನಾಲಿ ದಾಟುವವನಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಲಿಥಿಯಂ ಕೊಳ್ಳುವುದಾದರೆ ಬೇರೆ ಕಾರಣಕ್ಕೆ ಕೊಳ್ಳಬೇಕು. ಸೆಲ್ಫ್ ಒತ್ತಿದಾಗ ಎಂಜಿನ್ ಚುರುಕಾಗಿ ತಿರುಗುತ್ತದೆ, ಆಸಿಡ್ ಸೋರಿ ಚಾಸಿ ತಿನ್ನುವ ಭಯವಿಲ್ಲ, ತಂತಿ ಬಿಚ್ಚಿಟ್ಟರೆ ತಿಂಗಳುಗಟ್ಟಲೆ ಚಾರ್ಜ್ ನಿಲ್ಲುತ್ತದೆ, ಚೆನ್ನಾಗಿ ನೋಡಿಕೊಂಡರೆ ಸೀಸಕ್ಕಿಂತ ಹೆಚ್ಚು ವರ್ಷ ಬಾಳುತ್ತದೆ. ‘ಚೆನ್ನಾಗಿ ನೋಡಿಕೊಂಡರೆ’ ಎಂಬ ಮಾತಿನಲ್ಲಿ ಎಷ್ಟೆಲ್ಲ ಅಡಗಿದೆ ಎನ್ನುವುದು ಮುಂದಿನ ಒಂದು ಗಂಟೆಯಲ್ಲಿ ಆ ಹುಡುಗನಿಗೂ, ಸ್ಟೂಲ್ ಎಳೆದುಕೊಂಡು ಕುಳಿತ ನನಗೂ ತಿಳಿಯುತ್ತ ಹೋಯಿತು.

ಭಾಯ್ ಡಬ್ಬವನ್ನು ಬೆಳಕಿಗೆ ಹಿಡಿದರು. ಮುಂಭಾಗದಲ್ಲಿ ದಪ್ಪ ಅಕ್ಷರದಲ್ಲಿ 12 ಎಎಚ್. ‘ಇದು ಜಾಹೀರಾತು. ಈಗ ಪಕ್ಕಕ್ಕೆ ನೋಡಿ,’ ಎಂದು ತಿರುಗಿಸಿದರು. ಬೂದು ಬಣ್ಣದ ಸಣ್ಣ ಅಕ್ಷರ. ನಾನು ಕನ್ನಡಕ ಏರಿಸಬೇಕಾಯಿತು. 12.8 ವೋಲ್ಟ್, 51 ವ್ಯಾಟ್ ಅವರ್. ಮೊಬೈಲ್ ತೆಗೆದು ಭಾಗಿಸಿದರೆ ಹೆಚ್ಚುಕಮ್ಮಿ ನಾಲ್ಕು. ಅಂದರೆ ಒಳಗಿರುವ ನಿಜವಾದ ಸಾಮರ್ಥ್ಯ ನಾಲ್ಕು ಎಎಚ್. ಮುಂಭಾಗದ ಹನ್ನೆರಡು ಎಲ್ಲಿಂದ ಬಂತು? ‘ಹನ್ನೆರಡು ಎಎಚ್ ಸೀಸದ ಬ್ಯಾಟರಿ ಎಷ್ಟು ಜೋರಾಗಿ ಸೆಲ್ಫ್ ಹೊಡಿಯುತ್ತೋ, ಇದೂ ಅಷ್ಟೇ ಜೋರಾಗಿ ಹೊಡಿಯುತ್ತೆ’ ಎಂಬುದು ಅದರ ಅರ್ಥ. ಸುಳ್ಳೇನೂ ಅಲ್ಲ. ಪೂರ್ತಿ ನಿಜವೂ ಅಲ್ಲ.

ಸೆಲ್ಫ್ ಹೊಡೆಯುವುದಕ್ಕೆ ಬೇಕಾದದ್ದು ಕ್ಷಣದ ಕಸುವು. ಸ್ಟಾರ್ಟರ್ ಮೋಟಾರ್ ನೂರು ಆಂಪಿಯರ್ ಎಳೆದುಕೊಂಡು ಮೂರು ಸೆಕೆಂಡ್ ತಿರುಗಿತು ಎಂದುಕೊಳ್ಳಿ. ಖರ್ಚಾಗುವುದು ಒಂದು ಎಎಚ್‌ನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ಲಿಥಿಯಂ ಸೆಲ್ಲಿನ ಒಳತಡೆ ಕಡಿಮೆ, ಅದು ನೂರು ಆಂಪಿಯರನ್ನು ಹಿಂದೆಮುಂದೆ ನೋಡದೆ ಕೊಟ್ಟುಬಿಡುತ್ತದೆ. ಹಾಗಾಗಿ ನಾಲ್ಕು ಎಎಚ್‌ನ ಪುಟ್ಟ ಡಬ್ಬ ಸೀಸದ ದೊಡ್ಡಣ್ಣನ ಕೆಲಸ ಮಾಡುತ್ತದೆ, ಸ್ಟಾರ್ಟ್ ಮಾಡುವ ಮಟ್ಟಿಗೆ. ಗಾಡಿ ನಿಂತಿರುವಾಗ ಲೈಟು, ಹಾರನ್ನು, ಮೊಬೈಲು, ಟ್ರ್ಯಾಕರ್ ಎಲ್ಲಕ್ಕೂ ಊಟ ಹಾಕಬೇಕಾದ ಸಮಯ ಬಂದಾಗ ನಾಲ್ಕು ನಾಲ್ಕೇ.

‘ಟ್ರ್ಯಾಕರ್ ಹಾಕ್ಸಿದೀರಾ?’ ಭಾಯ್ ಕೇಳಿದರು.

ಹಾಕಿಸಿದ್ದ. ಕಳ್ಳರ ಭಯ.

‘ಊರಿಗೆ ಹೋದ್ರೆ ಗಾಡಿ ಎಷ್ಟು ದಿನ ನಿಲ್ತದೆ?’

ಅಮ್ಮ ಹಾಸನದಲ್ಲಿದ್ದಾರೆ, ವರ್ಕ್ ಫ್ರಮ್ ಹೋಂ ಕೊಟ್ಟರೆ ತಿಂಗಳು ಅಲ್ಲೇ ಇದ್ದುಬಿಡುತ್ತೇನೆ ಎಂದ. ಭಾಯ್ ವಾರಂಟಿ ಕಾರ್ಡಿನ ಹಿಂಭಾಗದಲ್ಲಿ ಬರೆದು ತೋರಿಸಿದರು. ಕೀ ತೆಗೆದು ನಿಲ್ಲಿಸಿದ ಗಾಡಿಯಲ್ಲೂ ಮೀಟರಿನ ಗಡಿಯಾರ, ಎಂಜಿನ್ ನಿಯಂತ್ರಿಸುವ ಇಸಿಯು, ಟ್ರ್ಯಾಕರ್ ಎಲ್ಲ ಸೇರಿ ಐದು ಮಿಲಿಆಂಪಿಯರ್ ಕುಡಿದರೂ ದಿನಕ್ಕೆ 0.12 ಎಎಚ್. ಮೂವತ್ತು ದಿನಕ್ಕೆ 3.6. ಎಂಟು ಎಎಚ್‌ನ ಸೀಸದಲ್ಲಾದರೆ ತಿಂಗಳ ಕೊನೆಗೂ ಅರ್ಧಕ್ಕೆ ಹತ್ತಿರ ಏನಾದರೂ ಉಳಿದಿರುತ್ತದೆ. ನಾಲ್ಕರಲ್ಲಿ ತಳ ಕಾಣುತ್ತದೆ. ಲಿಥಿಯಂಗೆ ತಳ ಕಾಣುವುದೇ ಮಹಾ ಕೆಟ್ಟದ್ದು; ಒಂದೊಂದು ಸೆಲ್ಲಿನ ವೋಲ್ಟೇಜು ಎರಡೂವರೆಗಿಂತ ಕೆಳಗಿಳಿದು ಅಲ್ಲೇ ಬಿದ್ದಿದ್ದರೆ ಒಳಗೆ ಆಗುವ ಹಾನಿ ಮತ್ತೆ ಚಾರ್ಜ್ ಮಾಡಿದರೂ ಸರಿಹೋಗುವಂಥದ್ದಲ್ಲ. ಒಳ್ಳೆಯ ಬ್ಯಾಟರಿಯ ಒಳಗಿರುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಬೋರ್ಡು ಅದಕ್ಕೂ ಮೊದಲೇ ಸಂಪರ್ಕ ಕಡಿದು ಕಾಪಾಡುತ್ತದೆ. ಅಗ್ಗದ ಡಬ್ಬಗಳಲ್ಲಿ ಆ ಬೋರ್ಡು ಹೆಸರಿಗಷ್ಟೇ ಇರುತ್ತದೆ, ಕೆಲವದರಲ್ಲಿ ಅದೂ ಇರುವುದಿಲ್ಲ.

‘ಹತ್ತರ ಸ್ಪ್ಯಾನರ್ ಒಂದು ಮನೇಲಿ ಇಟ್ಕೊಳ್ಳಿ. ಊರಿಗೆ ಹೋಗೋ ಮುಂಚೆ ನೆಗೆಟಿವ್ ಬಿಚ್ಚಿ. ಟ್ರ್ಯಾಕರ್ ಬೇಕೇ ಬೇಕು ಅಂದ್ರೆ ಸೀಸದ್ದೇ ಹಾಕ್ಸಿ, ನಾನು ಬೇಡ ಅನ್ನಲ್ಲ.’

ಇನ್ನೊಂದು ತಮಾಷೆ ಇದೆ. ಸೀಸದ ಬ್ಯಾಟರಿ ಸಾಯುವ ಮುಂಚೆ ಹೇಳಿ ಸಾಯುತ್ತದೆ: ಲೈಟು ಮಂಕಾಗುತ್ತದೆ, ಹಾರನ್ ಕೆಮ್ಮುತ್ತದೆ, ಸೆಲ್ಫ್ ಏದುಸಿರು ಬಿಡುತ್ತದೆ. ಮೀಟರ್ ಹಿಡಿದರೂ ಗೊತ್ತಾಗುತ್ತದೆ, ತುಂಬಿದಾಗ 12.7, ಅರ್ಧವಾದಾಗ 12.2. ಲಿಥಿಯಂ ಹಾಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ತುಂಬಿದಾಗ 13.3ರ ಹತ್ತಿರ, ಬಹುಪಾಲು ಖಾಲಿಯಾಗುವವರೆಗೂ ಹದಿಮೂರರ ಆಸುಪಾಸಿನಲ್ಲೇ ನಿಂತಿದ್ದು ಆಮೇಲೆ ಒಂದೇ ಸಲ ಕುಸಿಯುತ್ತದೆ. ಸೀಸಕ್ಕೆ ಪಳಗಿದ ಮೆಕ್ಯಾನಿಕ್ ಮೀಟರಿನಲ್ಲಿ 12.8 ನೋಡಿ ‘ಬ್ಯಾಟರಿ ಫುಲ್ ಐತೆ ಗುರು, ಪ್ರಾಬ್ಲಮ್ ಬೇರೆ ಕಡೆ’ ಎಂದು ಸ್ಟಾರ್ಟರ್ ಬಿಚ್ಚಲು ಕೂರುತ್ತಾನೆ. ಲಿಥಿಯಂನಲ್ಲಿ 12.8 ಅಂದರೆ ಹೆಚ್ಚುಕಮ್ಮಿ ತಳ.

ಅಷ್ಟರಲ್ಲಿ ಬೀದಿಯ ತುದಿಯಿಂದಲೇ ಸದ್ದು ಮಾಡಿಕೊಂಡು ಹಳೇ ಬುಲೆಟ್ ಬಂತು. ಅದರ ಮೇಲೆ ಹಿರಿಯರೊಬ್ಬರು, ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಪೆನ್ನು. ನಿವೃತ್ತ ಮೇಷ್ಟ್ರೋ ಬ್ಯಾಂಕಿನವರೋ ಇರಬೇಕು. ಅಮೆರಿಕದಲ್ಲಿರುವ ಮಗ ಫೋನಿನಲ್ಲಿ ಹೇಳಿದ್ದಾನಂತೆ, ಲಿಥಿಯಂ ಹಾಕಿಸಿ ಅಪ್ಪ, ಪದೇ ಪದೇ ಬದಲಾಯಿಸೋ ರಗಳೆ ಇರಲ್ಲ ಅಂತ.

‘ಯಜಮಾನ್ರೇ, ಬ್ಯಾಟರಿಗೆ ನೀರು ಎಷ್ಟು ದಿನಕ್ಕೊಂದ್ಸಲ ಹಾಕ್ತೀರಿ?’

‘ಅದೇ ಕಷ್ಟ ನೋಡಿ. ಹದಿನೈದು ದಿನಕ್ಕೆ ನೋಡಿದ್ರೆ ಇಳಿದುಹೋಗಿರುತ್ತೆ.’

‘ಬಲ್ಬು?’

‘ಹೆಡ್‌ಲೈಟ್ ಬಲ್ಬಂತೂ ಸಾಕಾಗ್ಹೋಗಿದೆ ಮಾರಾಯ್ರೆ. ಈ ವರ್ಷದಲ್ಲೇ ಎಷ್ಟು ಹೋದ್ವೋ.’

ಭಾಯ್ ಕೌಂಟರ್ ದಾಟಿ ಹೊರಬಂದರು, ಕೈಯಲ್ಲಿ ಹಳದಿ ಮಲ್ಟಿಮೀಟರ್. ಪಕ್ಕದ ಪೆಟ್ಟಿಗೆ ತೆರೆದು ಕೆಂಪು ಕಡ್ಡಿಯನ್ನು ಪಾಸಿಟಿವ್‌ಗೆ, ಕಪ್ಪು ಕಡ್ಡಿಯನ್ನು ನೆಗೆಟಿವ್‌ಗೆ ಒತ್ತಿ ಹಿಡಿದರು. ಕೆಲಸದ ಹುಡುಗ ಎಂಜಿನ್ ಸ್ಟಾರ್ಟ್ ಮಾಡಿದ. ನಿಧಾನಗತಿಯಲ್ಲಿ 13.4. ‘ಕೊಡು ಆಕ್ಸಿಲರೇಟರ್, ನಿಧಾನಕ್ಕೆ.’ ಎಂಜಿನ್ ಏರಿದಂತೆ ಅಂಕಿಗಳೂ ಏರತೊಡಗಿದವು. ಹದಿನಾಲ್ಕು, ಹದಿನಾಲ್ಕೂವರೆ, ಹದಿನೈದು. 15.3ಕ್ಕೆ ಬಂದು ನಡುಗುತ್ತ ನಿಂತಿತು. ಲೈಟ್ ಹಾಕಿಸಿದರು, ಸ್ವಲ್ಪ ಇಳಿಯಿತು. ತೆಗೆಸಿದರು; ಮತ್ತೆ ಮೇಲೆ.

‘ರೆಗ್ಯುಲೇಟರ್ ಹೋಗಿದೆ. ನೀರು ಕುದಿಸ್ತಿರೋದೂ ಅದೇ, ಬಲ್ಬ್ ಸುಡ್ತಿರೋದೂ ಅದೇ. ಸೀಸ ಆದ್ದರಿಂದ ತಡ್ಕೊಂಡಿದೆ.’

ಇಷ್ಟು ಹೊತ್ತಿನ ಮಾತಿನ ತಿರುಳೆಲ್ಲ ಆ 15.3ರಲ್ಲಿತ್ತು. ಲಿಥಿಯಂ ಆಯ್ಕೆಗೆ ಕೂತವರು ಬ್ಯಾಟರಿಯ ಕಂಪನಿ ಯಾವುದು, ಬೆಲೆ ಎಷ್ಟು, ವಾರಂಟಿ ಎಷ್ಟು ವರ್ಷ ಎಂದು ವಿಚಾರಿಸುತ್ತಾರೆ. ವಿಚಾರಿಸಬೇಕಾದದ್ದು ತಮ್ಮ ಗಾಡಿಯನ್ನು. ಎಂಜಿನ್ ನಾಲ್ಕೈದು ಸಾವಿರ ಸುತ್ತಿನಲ್ಲಿದ್ದಾಗ ಟರ್ಮಿನಲ್ಲಿನಲ್ಲಿ 13.8ರಿಂದ 14.4 ಇದ್ದರೆ ಸರಿ. 14.6 ದಾಟಿದರೆ ಲಿಥಿಯಂ ಹಾಕುವಂತಿಲ್ಲ, ವೋಲ್ಟೇಜಿಗೆ ಲಗಾಮು ಹಾಕುವ ರೆಗ್ಯುಲೇಟರ್ ಬದಲಾಯಿಸುವವರೆಗೆ. ಸೀಸದ ಬ್ಯಾಟರಿ ಹೆಚ್ಚಾದ ಚಾರ್ಜನ್ನು ನೀರನ್ನು ಒಡೆದು ಅನಿಲ ಮಾಡಿ ಹೇಗೋ ಕಳೆದುಕೊಳ್ಳುತ್ತದೆ. ಆ ನೀರನ್ನು ನಾವು ಮತ್ತೆ ತುಂಬುತ್ತೇವೆ. ಲಿಥಿಯಂಗೆ ಆ ದಾರಿ ಇಲ್ಲ. ಬಿಎಂಎಸ್ ಅಡ್ಡ ಬಂದು ಚಾರ್ಜನ್ನು ಕಡಿದು ಹಾಕುತ್ತದೆ. ಹಾಗೆ ಓಡುತ್ತಿರುವಾಗ ಕಡಿದುಹಾಕಿದರೆ ಗಾಡಿಯ ಕರೆಂಟಿಗೆ ಹಿಡಿತ ತಪ್ಪಿ ಇಸಿಯು, ಮೀಟರ್, ಎಲ್ಇಡಿಗಳ ಮೇಲೆ ಹೊಡೆತ ಬೀಳಬಹುದು. ಬಿಎಂಎಸ್ ಇಲ್ಲದಿದ್ದರೆ ಡಬ್ಬವೇ ಊದಿಕೊಳ್ಳುತ್ತದೆ.

ಹಿರಿಯರು ಮೀಟರಿನತ್ತ ಅನುಮಾನದಿಂದ ನೋಡಿ, ‘ಹಾಗಾದ್ರೆ ಮಗನಿಗೆ ಏನು ಹೇಳ್ಲಿ?’ ಎಂದರು.

‘ರೆಗ್ಯುಲೇಟರ್ ಹಾಕ್ಸಿದೆ ಅಂತ ಹೇಳಿ. ಈ ಬ್ಯಾಟರಿನೇ ಇನ್ನೊಂದು ವರ್ಷ ಬರ್ತದೆ.’

ಅಂದರೆ ಒಂದು ಗಿರಾಕಿ ಹೋಯಿತು. ಹಾಗಂತ ಭಾಯ್ ಬೇಸರಿಸಿದಂತೆ ಕಾಣಲಿಲ್ಲ. ಎದುರಿನ ಅಂಗಡಿಯಲ್ಲಿ ರೆಗ್ಯುಲೇಟರ್ ಸಿಗುತ್ತದೆ ಎಂದು ತಾವೇ ಕೆಲಸದ ಹುಡುಗನನ್ನು ಜತೆಗೆ ಕಳಿಸಿದರು. ಇಲ್ಲಿಯ ವ್ಯಾಪಾರ ಹೀಗೆಯೇ. ಇವತ್ತು ಎದುರಿನವರಿಗೆ ಹೋದದ್ದು ನಾಳೆ ಇವರಿಗೆ ಬರುತ್ತದೆ.

ಟೀ ಬಂತು. ಟೀ ಕುಡಿಯುವಷ್ಟು ಹೊತ್ತು ಇನ್ನೊಂದು ಕತೆ ಹೇಳಬಹುದು. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿ ತೋರಿಸಿದ್ದು 1859ರಲ್ಲಿ. ಅಷ್ಟು ಹಳೆಯ ವಸ್ತು ಇವತ್ತಿಗೂ ಗಾಡಿಯ ಹೊಟ್ಟೆಯಲ್ಲಿ ಕುಳಿತಿದೆ ಎಂದರೆ ಅದರ ತಾಳಿಕೆ ಸಾಮಾನ್ಯದ್ದಲ್ಲ. ಅದಕ್ಕೆ ಬದಲಾಗಿ ಕೂರಬಲ್ಲ ಲಿಥಿಯಂ ಯಾವುದು ಎನ್ನುವುದಕ್ಕೆ ಉತ್ತರ ಬಂದದ್ದು 1997ರಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದಿಂದ. ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬಳಸಿ ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಸೆಲ್ ಮಾಡಬಹುದು ಎಂಬ ಆ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಎ.ಕೆ. ಪಾಢಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ನಂಜುಂಡಸ್ವಾಮಿ ಎಂಬ ಹೆಸರು ಕಂಡ ಕನ್ನಡದವರ ಕಿವಿ ಒಂದು ಕ್ಷಣ ನೆಟ್ಟಗಾದರೆ ತಪ್ಪೇನಿಲ್ಲ. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂದಾಗ ವಯಸ್ಸು 97. ಅಷ್ಟು ಹಿರಿಯ ವಯಸ್ಸಿನಲ್ಲಿ ನೊಬೆಲ್ ಪಡೆದವರು ಬೇರೊಬ್ಬರಿಲ್ಲ.

ಗಾಡಿಗೆ ಈ ಕಬ್ಬಿಣದ ಫಾಸ್ಫೇಟೇ ಯಾಕೆ, ಮೊಬೈಲಿನಲ್ಲಿರುವ ಕೋಬಾಲ್ಟಿನ ಜಾತಿ ಯಾಕಲ್ಲ ಎಂಬುದಕ್ಕೆ ಕೂಡು-ಗುಣಾಕಾರ ಸಾಕು. ಫಾಸ್ಫೇಟ್ ಸೆಲ್ ಒಂದಕ್ಕೆ 3.2 ವೋಲ್ಟ್. ನಾಲ್ಕನ್ನು ಸಾಲಾಗಿ ಜೋಡಿಸಿದರೆ 12.8, ಗಾಡಿಯ ಡೈನಮೊ ಕೊಡುವ 14.2 ಅದಕ್ಕೆ ಹೇಳಿ ಮಾಡಿಸಿದ ಊಟ. ಕೋಬಾಲ್ಟ್ ಜಾತಿಯ ಸೆಲ್‌ಗೆ 3.7, ತುಂಬಿದಾಗ 4.2. ಮೂರು ಜೋಡಿಸಿದರೆ 14.2 ಬಂದಾಗ ಒಂದೊಂದರ ಪಾಲಿಗೆ ನಾಲ್ಕೂಮುಕ್ಕಾಲು ವೋಲ್ಟ್ ಹತ್ತಿರ ಬಂದು ಬೆಂಕಿಯ ಭಯ. ನಾಲ್ಕು ಜೋಡಿಸಿದರೆ ಯಾವತ್ತೂ ಹೊಟ್ಟೆ ತುಂಬುವುದಿಲ್ಲ. ಸಾಲದ್ದಕ್ಕೆ ಫಾಸ್ಫೇಟಿನಲ್ಲಿ ರಂಜಕ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಕಾದರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಹಾಗಾಗಿ ಹೊತ್ತಿಕೊಳ್ಳುವ ಸಂಭವ ಕಮ್ಮಿ. ತೊಡೆಯ ಕೆಳಗೆ ಇಟ್ಟುಕೊಂಡು ಓಡುವ ವಸ್ತುವಿಗೆ ಈ ಗುಣ ಸಣ್ಣದಲ್ಲ. ಆದ್ದರಿಂದ ಡಬ್ಬದ ಮೇಲೆ ಬರೀ ‘ಲಿಥಿಯಂ’ ಎಂದಿದ್ದರೆ ಸಾಲದು. ಲಿಥಿಯಂ ಐರನ್ ಫಾಸ್ಫೇಟ್ ಎಂದಿರಬೇಕು, 12.8 ವೋಲ್ಟ್ ಎಂದಿರಬೇಕು. ಲ್ಯಾಪ್‌ಟಾಪಿನ ಹಳೇ ಸೆಲ್‌ಗಳನ್ನು ಬೆಸುಗೆ ಹಾಕಿ ಟೇಪ್ ಸುತ್ತಿ ಅರ್ಧ ಬೆಲೆಗೆ ಕೊಡುವವರೂ ಇದ್ದಾರೆ. ಅಂಥದ್ದನ್ನು ಗಾಡಿಗೆ ಕಟ್ಟಿಕೊಳ್ಳುವುದು ಶುದ್ಧ ಅವಿವೇಕ.

‘ಮಂಡ್ಯದಲ್ಲೇ ಲಿಥಿಯಂ ಸಿಕ್ಕಿದೆಯಂತಲ್ಲ, ರೇಟ್ ಇಳಿಯಲ್ವಾ ಭಾಯ್?’ ಎಂದ ಹಿಮಾಲಯನ್ ಹುಡುಗ. ಸಿಕ್ಕಿರುವುದು ನಿಜ. ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಭಾಗದ ಬಂಡೆಗಳಲ್ಲಿ. ಮೊದಲು 14,100 ಟನ್ ಎಂಬ ಅಂದಾಜು ಪತ್ರಿಕೆಗಳಲ್ಲಿ ಬಂದು ಊರೆಲ್ಲ ಸಂಭ್ರಮಿಸಿತು. 2021ರಲ್ಲಿ ಕೇಂದ್ರ ಸರ್ಕಾರ ಪರಮಾಣು ಖನಿಜ ನಿರ್ದೇಶನಾಲಯದ ಸಮೀಕ್ಷೆಯನ್ನು ಆಧರಿಸಿ ಹೇಳಿದ್ದು 1,600 ಟನ್. ಬಂಡೆಯಿಂದ ಬ್ಯಾಟರಿಯವರೆಗಿನ ದಾರಿ ಬಹಳ ಉದ್ದ. ಜೆ.ಸಿ. ರಸ್ತೆಯ ರೇಟು ಅದಕ್ಕೆ ಕಾಯುತ್ತ ಕೂತಿಲ್ಲ.

ಹಿಮಾಲಯನ್ನಿನ ಸರದಿ. ಮಲ್ಟಿಮೀಟರ್ ಕಡ್ಡಿಗಳು ಮತ್ತೆ ಹೊರಬಂದವು. ನಿಧಾನಗತಿಯಲ್ಲಿ 13.7, ನಾಲ್ಕೂವರೆ ಸಾವಿರ ಸುತ್ತಿನಲ್ಲಿ 14.2, ಅಲ್ಲಾಡಲಿಲ್ಲ. ಭಾಯ್ ತೃಪ್ತರಾಗಲಿಲ್ಲ. ‘ಒಂದು ರೌಂಡ್ ಲಾಲ್‌ಬಾಗ್ ಗೇಟ್‌ವರೆಗೆ ಹೋಗ್ಬನ್ನಿ. ಬಿಸಿ ಆದ್ಮೇಲೆ ನೋಡಣ.’ ತಣ್ಣಗಿದ್ದಾಗ ಮರ್ಯಾದೆಯಿಂದಿದ್ದು ಬಿಸಿಯಾದ ಮೇಲೆ ಬುದ್ಧಿ ಕೆಡುವ ರೆಗ್ಯುಲೇಟರುಗಳಿವೆಯಂತೆ. ಹೋಗಿ ಬಂದ. ಮತ್ತೆ 14.2.

ಉಳಿದದ್ದು ಲಡಾಖ್. ಎಲ್ಲರೂ ಲಿಥಿಯಂ ಅನ್ನುವುದು ಆ ಹೆಸರು ಕೇಳಿಯೇ, ಆದರೆ ಲಿಥಿಯಂ ಸೋಲುವ ಜಾಗವೂ ಅದೇ. 17,582 ಅಡಿ ಎತ್ತರದ ಖರ್ದುಂಗ್ ಲಾ ಮೇಲಾಗಲಿ, ಸರ್ಚು, ಪಾಂಗ್‌ಗಳ ಡೇರೆಯ ಪಕ್ಕದಲ್ಲಾಗಲಿ ಬೆಳಗಿನ ಜಾವ ಚಳಿ ಸೊನ್ನೆಗಿಳಿದಾಗ ಸೆಲ್ಲಿನ ಒಳತಡೆ ಏರಿ ಕೂರುತ್ತದೆ. ನೂರು ಆಂಪಿಯರನ್ನು ನಗುನಗುತ್ತ ಕೊಡುತ್ತಿದ್ದ ಡಬ್ಬ ಮುಷ್ಟಿ ಬಿಗಿ ಹಿಡಿಯುತ್ತದೆ. ಹೊಸಬ ಬ್ಯಾಟರಿ ಸತ್ತಿತು ಎಂದುಕೊಂಡು ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ತಿಳಿದವನು ಕೀ ತಿರುಗಿಸಿ ಹೆಡ್‌ಲೈಟ್ ಹಾಕುತ್ತಾನೆ. ಎಂಜಿನ್ ಶುರುವಾಗದೆ ಹೆಡ್‌ಲೈಟ್ ಹತ್ತದ ಗಾಡಿಯಾದರೆ ನಾಲ್ಕೂ ಇಂಡಿಕೇಟರ್, ಪಾಸ್ ಲೈಟ್ ಏನಾದರೂ ಸರಿ. ಒಂದೆರಡು ನಿಮಿಷ ಕರೆಂಟ್ ಹರಿದರೆ ಸೆಲ್ಲು ಒಳಗಿನಿಂದಲೇ ಬೆಚ್ಚಗಾಗುತ್ತದೆ. ಮೊದಲ ಸೆಲ್ಫ್ ಸೋತರೂ ಆ ಸೋಲೇ ಬಿಸಿ ತಂದಿರುತ್ತದೆ. ಒಂದು ನಿಮಿಷ ಬಿಟ್ಟು ಎರಡನೆಯದನ್ನು ಒತ್ತಬೇಕು. ಸೀಸದ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆದಷ್ಟೂ ಕಸುವು ಇಳಿಯುತ್ತದೆ, ಇಲ್ಲಿ ಚಳಿಯಲ್ಲಿ ಕೊಂಚ ಏರುತ್ತದೆ. ಈ ಉಲ್ಟಾ ನಡತೆ ಗೊತ್ತಿಲ್ಲದವರಿಂದ ಎಷ್ಟೋ ಒಳ್ಳೆಯ ಬ್ಯಾಟರಿಗಳಿಗೆ ಕೆಟ್ಟ ಹೆಸರು ಬಂದಿದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೊರಗಿನ ಚಾರ್ಜರ್ ಹಾಕಿ ಚಾರ್ಜ್ ಮಾಡುವುದಂತೂ ಬೇಡವೇ ಬೇಡ; ಲಿಥಿಯಂ ಸೆಲ್ಲಿನೊಳಗೆ ಲೋಹವಾಗಿ ಮೆತ್ತಿಕೊಂಡು ಕುಳಿತುಬಿಡುತ್ತದೆ.

ನಮ್ಮ ಕಡೆಯ ಕಷ್ಟ ಅದರ ತದ್ವಿರುದ್ಧ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳಿನಲ್ಲೇ ನಲವತ್ತೆರಡು ದಾಟುತ್ತದೆ. ಎಂಜಿನ್ ಪಕ್ಕದ ಪೆಟ್ಟಿಗೆಯೊಳಗೆ ಇನ್ನೂ ಎಷ್ಟೋ. ಕಾವು ಲಿಥಿಯಂನ ಆಯುಸ್ಸನ್ನೂ ತಿನ್ನುತ್ತದೆ, ಸೀಸದ್ದನ್ನೂ ತಿನ್ನುತ್ತದೆ. ಆ ಊರುಗಳಲ್ಲಿ ದಿನಾ ಆಫೀಸಿಗೆ ಹೋಗಿ ಬರುವ ಗಾಡಿಗೆ ಮೂರು ಪಟ್ಟು ಹಣ ಸುರಿಯುವ ಅಗತ್ಯ ನನಗಂತೂ ಕಾಣಿಸುವುದಿಲ್ಲ.

ಮತ್ತೆ ಚಾರ್ಜರ್ ಮಾತು ಎತ್ತಿದ ಕೂಡಲೇ ಭಾಯ್ ಹಲಗೆಯ ಮೇಲಿನ ಸಾಲಿನತ್ತ ಕೈ ತೋರಿಸಿದರು. ‘ಇವುಗಳ ಪಕ್ಕ ಲಿಥಿಯಂ ಇಡಂಗಿಲ್ಲ.’ ಸೀಸದ ಫಲಕದ ಮೇಲೆ ಕಟ್ಟಿದ ಸಲ್ಫೇಟ್ ಪೊರೆ ಕಳೆಯಲು ಕೆಲವು ಚಾರ್ಜರ್‌ಗಳು ಹದಿನೈದು ವೋಲ್ಟ್ ದಾಟಿ ಏಟು ಕೊಡುತ್ತವೆ. ಸೀಸಕ್ಕೆ ಅದು ಔಷಧಿ, ಲಿಥಿಯಂಗೆ ವಿಷ. ದಾರಿಯಲ್ಲಿ ಯಾವುದೋ ಗ್ಯಾರೇಜಿನವನು ಪ್ರೀತಿಯಿಂದ ರಾತ್ರಿಯಿಡೀ ಚಾರ್ಜಿಗಿಟ್ಟರೆ ಬೆಳಗ್ಗೆ ಕತೆ ಮುಗಿದಿರುತ್ತದೆ. ಹಾಗಾಗಿ ಡಬ್ಬದ ಮೇಲೆ ಕಾಣುವಂತೆ ದಪ್ಪ ಮಾರ್ಕರಿನಲ್ಲಿ ‘ಲಿಥಿಯಂ - 14.6ಕ್ಕೆ ಮೇಲೆ ಬೇಡ’ ಎಂದು ಅವರೇ ಬರೆದು ಕೊಡುತ್ತಾರೆ. ಕಂಪನಿಯವರು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಇವರು ದೊಡ್ಡದಾಗಿ ಬರೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಕೊನೆಗೆ ಕಪಾಟಿನಿಂದ ಇಳಿದದ್ದು ಮೊದಲು ತೋರಿಸಿದ ಡಬ್ಬವಲ್ಲ. ಅದಕ್ಕಿಂತ ಒಂದು ಗಾತ್ರ ದೊಡ್ಡದು, ಪಕ್ಕದಲ್ಲಿ 77 ವ್ಯಾಟ್ ಅವರ್ ಎಂದು ಬರೆದದ್ದು, ನಿಜವಾದ ಆರು ಎಎಚ್. ಪಾಸಿಟಿವ್ ಯಾವ ಕೈಗೆ ಬರುತ್ತದೆ ಎಂದು ಹಳೆಯದರ ಪಕ್ಕ ಇಟ್ಟು ನೋಡಿದರು. ತಿರುವುಮುರುವಾದರೆ ತಂತಿ ಎಟುಕುವುದಿಲ್ಲ, ಎಟುಕಿದ ಟರ್ಮಿನಲ್ಲಿಗೇ ಬಿಗಿದವರು ಫ್ಯೂಸ್ ಸುಟ್ಟುಕೊಳ್ಳುತ್ತಾರೆ. ಹಳೇ ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹೊಸದು ಕೂರಿಸುವಾಗ ಕೊನೆಗೆ ನೆಗೆಟಿವ್. ಹೊಸದು ಗೂಡಿಗಿಂತ ಚಿಕ್ಕದು. ಡಬ್ಬದ ಜತೆ ಬಂದ ಕಪ್ಪು ಸ್ಪಂಜಿನ ಹಲಗೆಗಳನ್ನು ಕೆಲಸದ ಹುಡುಗ ಬ್ಲೇಡಿನಲ್ಲಿ ಕತ್ತರಿಸಿ, ಕೆಳಗೊಂದು, ಪಕ್ಕಕ್ಕೆರಡು ತುರುಕಿ, ಬೆರಳಲ್ಲಿ ಅಲ್ಲಾಡಿಸಿ ನೋಡಿದ. ಅಲ್ಲಾಡಿತು. ಇನ್ನೊಂದು ತುಂಡು ತುರುಕಿದ. ತಂತಿಯ ತುದಿಯ ಬಳೆಯನ್ನು ಎಮೆರಿ ಕಾಗದದಲ್ಲಿ ಉಜ್ಜಿ ಹೊಳೆಯಿಸಿ, ಬೋಲ್ಟು ಬಿಗಿದು, ಮೇಲೊಂದು ಚೂರು ವ್ಯಾಸಲೀನ್ ಸವರಿದ. ಸೆಲ್ಫ್ ಒತ್ತಿದ್ದೇ ತಡ, ಎಂಜಿನ್ ಹತ್ತಿಕೊಂಡಿತು. ಹಿಮಾಲಯನ್ ಹುಡುಗನ ಮುಖ ನೋಡಬೇಕಿತ್ತು. ದುಡ್ಡಿನ ಮಾತು ಆ ಕ್ಷಣಕ್ಕೆ ಮರೆತೇಹೋಗಿತ್ತು.

ಬಿಲ್ ಬರೆಯುವಾಗ ನೆನಪಾಯಿತು. ‘ಹಳೇದಕ್ಕೆ ಎಕ್ಸ್‌ಚೇಂಜ್ ಎಷ್ಟು ಭಾಯ್?’

ಹಳೇ ಸೀಸಕ್ಕೆ ತೂಕದ ಮೇಲೆ ಬೆಲೆ. ಕುಂಬಾರಗುಂಡಿಯ ಗುಜರಿಯಿಂದ ಕರಗಿಸುವ ಕಾರ್ಖಾನೆಯವರೆಗೆ ಅದಕ್ಕೊಂದು ಸಿದ್ಧ ದಾರಿಯಿದೆ, ಪ್ರತಿ ತಿರುವಿನಲ್ಲೂ ಒಬ್ಬ ಕೊಳ್ಳುವವನಿದ್ದಾನೆ. ಸತ್ತ ಲಿಥಿಯಂ ಡಬ್ಬವನ್ನು ತಂದರೆ ಇದೇ ಬೀದಿಯಲ್ಲಿ ಯಾರೂ ಮೂಸುವುದಿಲ್ಲ. 2001ರ ನಿಯಮಗಳು ಸೀಸದ ಬ್ಯಾಟರಿಗಷ್ಟೇ ಇದ್ದವು. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಎಲ್ಲ ಜಾತಿಗೂ ಅನ್ವಯಿಸುತ್ತವೆ, ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು ಎನ್ನುತ್ತವೆ. ನಿಯಮ ಬಂದಿದೆ, ತಕ್ಕಡಿ ಇನ್ನೂ ಬಂದಿಲ್ಲ.

‘ಹಳೇದು ಈಗ ಕೊಡ್ಬೇಡಿ,’ ಎಂದರು ಭಾಯ್. ‘ಚಾರ್ಜ್ ಮಾಡಿ ಕೊಡ್ತೀನಿ, ನಿಲ್ಲತ್ತಾ ನೋಡಿ. ನಿಂತ್ರೆ ಊರಿಗೆ ಹೋಗೋವಾಗ ಇದನ್ನೇ ಹಾಕಿ ಟ್ರ್ಯಾಕರ್ ಓಡಿಸ್ಕೊಳ್ಳಿ. ಲಡಾಖ್‌ನಿಂದ ಬಂದ್ಮೇಲೆ ಬೇಡ ಅನ್ಸಿದ್ರೆ ತನ್ನಿ, ಅವತ್ತಿನ ಸೀಸದ ರೇಟ್ ಹಾಕೊಡ್ತೀನಿ.’ ಹುಡುಗ ಆ ಮೂರು ಕೆ.ಜಿ.ಯನ್ನು ಬ್ಯಾಗಿನಲ್ಲಿ ಹಾಕಿ ಬೆನ್ನಿಗೇರಿಸಿಕೊಂಡ.